ಮಿಂಚೇ ಫ್ಲಾಶ್: ಕಾಪು ದೀಪಸ್ತಂಭದೆದುರು ರಾತ್ರಿ ಸುಂಟರಗಾಳಿ ಫೋಟೊದ ತಾಲೀಮು

ಮೇ ತಿಂಗಳು ಬಂತೆಂದರೆ ನನ್ನ ಫೋನಿಗೆ ಒಂದಾದರೂ ವಿಡಿಯೊ ಬಂದೇ ಬರುತ್ತದೆ. ‘ಮಲ್ಪೆಯಲ್ಲಿ ಸುಂಟರಗಾಳಿ, ಎಲ್ಲರಿಗೂ ಕಳಿಸಿ’ ಅಂತ. ನೋಡಿದರೆ ಕರೆಂಟ್ ಕಂಬ ನಮ್ಮದಲ್ಲ, ಕಾರುಗಳು ರಸ್ತೆಯ ಬಲಬದಿಯಲ್ಲಿ ಓಡುತ್ತಿರುತ್ತವೆ. ಹೋದ ಸಲ ಬಂದದ್ದು ಮಾತ್ರ ವಿಡಿಯೊ ಅಲ್ಲ, ಫೋಟೊ. ಅದೂ ರಾತ್ರಿಯದ್ದು. ನೇರಳೆ ಬಣ್ಣದ ಮೋಡ, ಅದರ ಮುಂದೆ ಆನೆಯ ಸೊಂಡಿಲಿನ ಹಾಗೆ ಕಪ್ಪಗೆ ನೆಲಕ್ಕಿಳಿದ ಸುಂಟರಗಾಳಿ. ಅಕ್ಕನ ಮಗ ಕೇಳಿದ: “ಮಾವ, ಇಷ್ಟು ಕತ್ತಲೆಯಲ್ಲಿ ಇದನ್ನು ತೆಗ್ದದ್ದು ಹೇಗೆ? ಫ್ಲಾಶ್ ಅಷ್ಟು ದೂರ ಹೋಗ್ತದಾ?”

ಫ್ಲಾಶ್ ಹೊಡೆದದ್ದು ಕ್ಯಾಮೆರಾ ಅಲ್ಲ, ಮೋಡ. ಮೋಡದೊಳಗೆ ಮಿಂಚಿದಾಗ ಇಡೀ ಮೋಡ ಟ್ಯೂಬ್‌ಲೈಟಿನ ಹಾಗೆ ಬೆಳಗುತ್ತದೆ. ಅದರ ಎದುರಿಗಿರುವುದೆಲ್ಲ ಕಪ್ಪಗೆ ಎದ್ದು ಕಾಣುತ್ತದೆ. ಫೋಟೊ ತೆಗೆಯುವವನ ಕೆಲಸ ಆ ಬೆಳಕು ಬರುವ ಹೊತ್ತಿಗೆ ಶಟರ್ ತೆರೆದಿಟ್ಟಿರುವುದು, ಅಷ್ಟೇ. ಹೇಳುವುದು ಸುಲಭ. ಮಾಡಲು ಹೋದರೆ ಮೊದಲ ರಾತ್ರಿ ಒಂದು ಫೋಟೊವೂ ಸರಿ ಬರುವುದಿಲ್ಲ, ನನಗೂ ಬಂದಿರಲಿಲ್ಲ.

ನಮ್ಮ ಕರಾವಳಿಯಲ್ಲಿ ಸುಂಟರಗಾಳಿಗಾಗಿ ಕಾಯುತ್ತ ಕೂತರೆ ಕ್ಯಾಮೆರಾಕ್ಕೆ ಬೂಸ್ಟು ಹಿಡಿಯುತ್ತದೆ. ಭಾರತದಲ್ಲಿ ಅದು ಜಾಸ್ತಿ ಕಾಣುವುದು ಬಂಗಾಳ, ಒಡಿಶಾ ಕಡೆ. ಇತಿಹಾಸದಲ್ಲೇ ಅತಿ ಹೆಚ್ಚು ಜೀವ ತೆಗೆದದ್ದು ಬಾಂಗ್ಲಾದೇಶದಲ್ಲಿ, 1989ರ ಏಪ್ರಿಲ್ 26ರಂದು. ಸುಮಾರು 1,300 ಜನ ಸತ್ತರು. ನಮ್ಮಲ್ಲಿ ಇರುವುದು ಮಿಂಚು, ಅದು ಬೇಕಾದಷ್ಟಿದೆ. ಮಿಂಚಿನ ಬೆಳಕಲ್ಲಿ ಒಂದು ಕಪ್ಪು ಆಕಾರವನ್ನು ಹಿಡಿಯುವ ಕೈಚಳಕವನ್ನು ಇಲ್ಲೇ ಕಲಿಯಬಹುದು. ಸುಂಟರಗಾಳಿಯ ಜಾಗದಲ್ಲಿ ನಿಲ್ಲಲು ಉಡುಪಿ ಜಿಲ್ಲೆಯ ಕಾಪು ದೀಪಸ್ತಂಭ ಇದೆ. 1901ರಲ್ಲಿ ಕಟ್ಟಿದ್ದು, ಸುಮಾರು 27 ಮೀಟರ್ ಎತ್ತರ, ಸಮುದ್ರದ ಬಾಯಲ್ಲೇ ಬಂಡೆಯ ಮೇಲೆ ನಿಂತಿದೆ. ಅದು ಎಲ್ಲಿಗೂ ಓಡುವುದಿಲ್ಲ, ಯಾರ ಮನೆಯ ಹೆಂಚನ್ನೂ ಹಾರಿಸುವುದಿಲ್ಲ.

ಯಾವಾಗ ಹೋಗಬೇಕು

ಮಳೆಗಾಲ ಬೇಡ. ಜೂನ್, ಜುಲೈಯಲ್ಲಿ ಮಳೆ ಜೋರು, ಮಿಂಚು ಕಡಿಮೆ. ಮಿಂಚಿನ ಕಾಲ ಎರಡು: ಏಪ್ರಿಲ್ ಮಧ್ಯದಿಂದ ಮೇ ಕೊನೆ ಒಂದು, ಅಕ್ಟೋಬರ್‌ನಿಂದ ನವೆಂಬರ್ ಇನ್ನೊಂದು. ನನಗೆ ಅಕ್ಟೋಬರ್ ಇಷ್ಟ. ಮಧ್ಯಾಹ್ನ ಘಟ್ಟದ ಮೇಲೆ ಮೋಡ ಹೂಕೋಸಿನ ಹಾಗೆ ಬೆಳೆಯುತ್ತದೆ. ಸಂಜೆ ಹೊತ್ತಿಗೆ ಕಾರ್ಕಳ, ಹೆಬ್ರಿ ಕಡೆಯಿಂದ ಗುಡುಗುತ್ತ ಕೆಳಗಿಳಿಯುತ್ತದೆ. ಏಳೆಂಟು ಗಂಟೆಗೆ ನಮ್ಮ ತಲೆಯ ಮೇಲೆ ಸುರಿಯುತ್ತದೆ. ಆಮೇಲೆ ಪಶ್ಚಿಮಕ್ಕೆ, ಸಮುದ್ರದ ಮೇಲೆ ಹೋಗುತ್ತದೆ.

ಆ ಕೊನೆಯ ಭಾಗ ನಮ್ಮದು. ಹೊಸಬರು ಮೋಡ ಬರುವಾಗ ಓಡುತ್ತಾರೆ, ಹೋಗುವಾಗ ಮನೆಗೆ ಮರಳುತ್ತಾರೆ. ಉಲ್ಟಾ ಮಾಡಿ. ಬರುವಾಗ ಮನೆಯೊಳಗಿರಿ, ಮೋಡೆಮ್, ಟಿವಿ ಪ್ಲಗ್ ಕಿತ್ತಿಡಿ (ವರ್ಷಕ್ಕೊಂದು ಮೋಡೆಮ್ ಸುಡದ ಮನೆ ನಮ್ಮೂರಲ್ಲಿ ಇದೆಯಾ?), ಊಟ ಮಾಡಿ. ಮಳೆ ಸುರಿದು ಗಾಳಿ ತೊಳೆದು ಹೋಗಿರುತ್ತದೆ, ಧೂಳಿಲ್ಲ. ಮೋಡ ಸಮುದ್ರದ ಮೇಲೆ 30–40 ಕಿಲೋಮೀಟರ್ ಆಚೆ ನಿಂತು ಮಿಂಚುತ್ತಿರುತ್ತದೆ. ಎತ್ತರದ ಮೋಡವಾದರೆ 100 ಕಿಲೋಮೀಟರ್ ಆಚೆಯದ್ದೂ ಕಾಣುತ್ತದೆ, ಶಬ್ದ ಮಾತ್ರ ಇಲ್ಲ. ಇಂಥ ಶಬ್ದವಿಲ್ಲದ ಮಿಂಚೇ ನಮಗೆ ಬೇಕಾದದ್ದು.

ಪುಣೆಯ ಹವಾಮಾನ ಸಂಸ್ಥೆ ಮಾಡಿದ ‘ದಾಮಿನಿ’ ಆಪ್ ಹಾಕಿಕೊಳ್ಳಿ. ನಿಮ್ಮ ಸುತ್ತ 20 ಮತ್ತು 40 ಕಿಲೋಮೀಟರ್ ಒಳಗೆ ಮಿಂಚಿದ್ದನ್ನು ತೋರಿಸುತ್ತದೆ. ಫೋಟೊಕ್ಕೆ ಹೊರಡುವ ಮುಂಚೆ 20ರ ಒಳಗೆ ಖಾಲಿ ಇರಬೇಕು. ರೆಡ್ ಅಲರ್ಟ್ ಇದ್ದ ದಿನ, ಸಮುದ್ರದಲ್ಲಿ ಚಂಡಮಾರುತ ಎದ್ದ ದಿನ ಬೀಚ್ ಕಡೆ ತಲೆ ಹಾಕುವುದೇ ಬೇಡ.

ಅಜ್ಜಿಯ ಲೆಕ್ಕ

ಗುಡುಗಿದರೆ ನಮ್ಮ ಅಜ್ಜಿ ಚಾವಡಿಯಲ್ಲಿ ಕೂತು ಶುರು ಮಾಡುತ್ತಿದ್ದರು: ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ, ಶ್ವೇತವಾಹನ, ಬೀಭತ್ಸು, ವಿಜಯ, ಕೃಷ್ಣ, ಸವ್ಯಸಾಚಿ, ಧನಂಜಯ. ಅವರು ಹೇಳುತ್ತಿದ್ದದ್ದು ಭಯಕ್ಕೆ. ನಾನು ಈಗ ಅದನ್ನು ಗಡಿಯಾರ ಮಾಡಿಕೊಂಡಿದ್ದೇನೆ. ಮಿಂಚು ಕಂಡ ಕೂಡಲೇ ಶುರು ಮಾಡಿ, ಸೆಕೆಂಡಿಗೊಂದು ಹೆಸರು. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡು ಬೇಕು. ಹತ್ತು ಹೆಸರು ಮುಗಿಯುವಾಗ ಗುಡುಗು ಕೇಳಿದರೆ ಸಿಡಿಲು ಬಿದ್ದದ್ದು ಮೂರು ಕಿಲೋಮೀಟರ್ ದೂರದಲ್ಲಿ. ಅದು ದೂರ ಅಲ್ಲ, ಹತ್ತಿರ. ಮೂರು ಸುತ್ತು ಹೇಳಿ ಮುಗಿಸಿದರೂ ಗುಡುಗು ಬರದಿದ್ದರೆ ಮಾತ್ರ ಹತ್ತು ಕಿಲೋಮೀಟರ್ ದಾಟಿದೆ ಅಂತ ಅರ್ಥ. ಮಳೆ ಬೀಳುವ ಜಾಗದಿಂದ ಅಷ್ಟು ದೂರಕ್ಕೂ ಸಿಡಿಲು ಬಡಿಯುವುದುಂಟು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವ ತನಕ ಬಯಲಿಗೆ ಇಳಿಯಬೇಡಿ.

ಬೀಚಿನಲ್ಲಿ ಇನ್ನೊಂದು ತೊಂದರೆ ಇದೆ. ತೆರೆಯ ಸದ್ದಿಗೆ ದೂರದ ಗುಡುಗು ಕೇಳುವುದೇ ಇಲ್ಲ. ‘ಗುಡುಗಿಲ್ಲವಲ್ಲ’ ಅಂತ ಧೈರ್ಯದಲ್ಲಿ ನಿಂತಿರುತ್ತೀರಿ, ಮೋಡ ಅಲ್ಲೇ ಪಕ್ಕದಲ್ಲಿರುತ್ತದೆ. ಆದ್ದರಿಂದ ಕಿವಿಯನ್ನು ಮಾತ್ರ ನಂಬಬೇಡಿ, ಹತ್ತು ನಿಮಿಷಕ್ಕೊಮ್ಮೆ ಆಪ್ ನೋಡಿ.

ಅಡಗಲು ಕಾರು ಇರಲಿ. ಕಾರು ಕಾಪಾಡುವುದು ಟಯರಿನಿಂದಲ್ಲ, ಸುತ್ತಲಿನ ಲೋಹದ ಕವಚದಿಂದ. ಗಾಜು ಮೇಲೆ ಮಾಡಿ, ಕೈ ಮಡಿಲಲ್ಲಿಟ್ಟು ಕೂರಬೇಕು. ಬೈಕಿನಲ್ಲಿ ಬಂದವರಿಗೆ ಆ ಭಾಗ್ಯವಿಲ್ಲ. ತೆಂಗಿನ ಮರದಡಿ, ಬೀಚ್ ಅಂಗಡಿಯ ಶೀಟಿನ ಮಾಡಿನಡಿ ನಿಲ್ಲುವುದು ನಿಲ್ಲದಿರುವುದಕ್ಕಿಂತ ಕೆಟ್ಟದು. ದೀಪಸ್ತಂಭದ ಬುಡಕ್ಕಂತೂ ಹೋಗಲೇಬೇಡಿ. ಆ ಸುತ್ತಿನಲ್ಲಿ ಅಷ್ಟು ಎತ್ತರದ್ದು ಬೇರೇನೂ ಇಲ್ಲ.

ಮಂಗಳೂರಿನ ಫ್ಲ್ಯಾಟಿನಲ್ಲಿ ಇರುವವರಿಗೆ ಇದೆಲ್ಲ ರಗಳೆ ಇಲ್ಲ. ಏಳನೆಯ ಮಹಡಿಯ ಕಿಟಕಿಯಿಂದ ಸಮುದ್ರ ಕಂಡರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಕೋಣೆಯ ದೀಪ ಆರಿಸಿ, ಟ್ರೈಪಾಡ್ ಕಿಟಕಿಗೆ ತಾಗಿಸಿ ಇಡಿ. ನೀವು ಮಾತ್ರ ಕಿಟಕಿಯ ಕಬ್ಬಿಣದ ಸರಳಿನಿಂದ ದೂರ ಕೂತಿರಿ, ಟೈಮರ್ ಕೆಲಸ ಮಾಡಲಿ.

ಚೀಲದಲ್ಲಿ ಏನಿರಬೇಕು

ಮ್ಯಾನ್ಯುವಲ್ ಮೋಡ್ ಇರುವ ಯಾವ ಕ್ಯಾಮೆರಾವೂ ಆಗುತ್ತದೆ. ಗಟ್ಟಿ ಟ್ರೈಪಾಡ್ ಬೇಕು, ಹಗುರದ್ದಾದರೆ ನಡುವಿನ ಕೊಕ್ಕೆಗೆ ಮರಳು ತುಂಬಿದ ಚೀಲ ನೇತುಹಾಕಿ. ಕೇಬಲ್ ರಿಲೀಸ್ ಅಥವಾ ಕ್ಯಾಮೆರಾದಲ್ಲೇ ಇರುವ ಇಂಟರ್ವಲ್ ಟೈಮರ್. 24ರಿಂದ 50 ಮಿಲಿಮೀಟರ್ ನಡುವಿನ ಲೆನ್ಸ್. ಟಾರ್ಚ್, ಒಂದು ಹಳೆ ಬೈರಾಸು, ಪ್ಲಾಸ್ಟಿಕ್ ಚೀಲ. ಮಿಂಚು ಕಂಡು ತಾನೇ ಶಟರ್ ಒತ್ತುವ ಟ್ರಿಗರ್ ಅಂತ ಒಂದು ಸಾಮಾನು ಮಾರುತ್ತಾರೆ. ಹಗಲಿಗೆ ಅದು ಬೇಕು, ರಾತ್ರಿಗೆ ಸುಮ್ನೆ ದುಡ್ಡು ದಂಡ.

ಫೋನ್ ಮಾತ್ರ ಇದ್ದರೆ? ಪ್ರೊ ಮೋಡಿನಲ್ಲಿ ನಾಲ್ಕೈದು ಸೆಕೆಂಡಿನ ಶಟರ್ ಇಟ್ಟು ಸ್ಟ್ಯಾಂಡಿನಲ್ಲಿ ನಿಲ್ಲಿಸಿ. ಅದೂ ಇಲ್ಲದಿದ್ದರೆ ಫೋರ್‌ಕೆ ವಿಡಿಯೊ ಮಾಡಿ, ಮಿಂಚಿದ ಫ್ರೇಮ್ ಹೆಕ್ಕಿ ತೆಗೆಯಿರಿ. ಸಾಧಾರಣ ಬರುತ್ತದೆ. ಕೆಲವು ಫ್ರೇಮ್‌ಗಳಲ್ಲಿ ಅರ್ಧ ಬೆಳಕು ಅರ್ಧ ಕತ್ತಲೆ ಕಂಡರೆ ಫೋನ್ ಹಾಳಾಯಿತು ಅಂದುಕೊಳ್ಳಬೇಡಿ. ಸೆನ್ಸರ್ ಸಾಲು ಸಾಲಾಗಿ ಓದುವಾಗ ನಡುವೆ ಮಿಂಚು ಬಂದದ್ದು ಅದು.

ನಮ್ಮ ಊರಿನ ಸೆಖೆಗೆ ಒಂದು ಮಾತು. ಎಸಿ ಕೋಣೆಯಿಂದ ಅಥವಾ ಎಸಿ ಕಾರಿನಿಂದ ಕ್ಯಾಮೆರಾ ನೇರ ಹೊರಗೆ ತೆಗೆದರೆ ಲೆನ್ಸ್ ಮೇಲೆ ಕ್ಷಣದಲ್ಲಿ ಮಂಜು ಕಟ್ಟುತ್ತದೆ. ಒರೆಸಿದಷ್ಟೂ ಮತ್ತೆ ಕಟ್ಟುತ್ತದೆ. ಬರುವಾಗಲೇ ಎಸಿ ಬಂದ್ ಮಾಡಿ, ಚೀಲ ಮುಚ್ಚಿಟ್ಟುಕೊಂಡೇ ಅರ್ಧ ಗಂಟೆ ಹೊರಗಿನ ಗಾಳಿಗೆ ಬಿಡಿ.

ಫೋಕಸ್, ಮತ್ತು ಆಫ್ ಮಾಡಬೇಕಾದ ಮೂರು

ಕತ್ತಲೆಯಲ್ಲಿ ಆಟೋಫೋಕಸ್ ಹುಡುಕುತ್ತಲೇ ಇರುತ್ತದೆ. ಮ್ಯಾನ್ಯುವಲ್‌ಗೆ ಹಾಕಿ. ದೂರದಲ್ಲಿ ಮೀನಿನ ಬೋಟಿನ ದೀಪವೋ, ಬಂದರಿಗೆ ಕಾಯುತ್ತಿರುವ ಹಡಗಿನ ದೀಪವೋ ಇರುತ್ತದೆ. ಸ್ಕ್ರೀನಿನಲ್ಲಿ ಅದನ್ನು ಹತ್ತು ಪಟ್ಟು ದೊಡ್ಡದು ಮಾಡಿ, ಆ ದೀಪ ಅತಿ ಸಣ್ಣ ಚುಕ್ಕಿ ಆಗುವ ತನಕ ರಿಂಗ್ ತಿರುಗಿಸಿ. ಆಮೇಲೆ ರಿಂಗಿಗೆ ಟೇಪ್ ಅಂಟಿಸಿ. ಲೆನ್ಸ್ ಮೇಲೆ ಬರೆದ ಅನಂತದ ಗುರುತನ್ನು ನಂಬಿ ತಿರುಗಿಸಿಬಿಟ್ಟರೆ ಕೆಲವು ಲೆನ್ಸ್‌ಗಳು ಅದನ್ನೂ ದಾಟಿ ಹೋಗುತ್ತವೆ.

ಆಫ್ ಮಾಡಬೇಕಾದದ್ದು: ಒಂದು, ಆಟೋ ಐಎಸ್‌ಒ (ಐಎಸ್‌ಒ ಅಂದರೆ ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಂಕಿ). ಎರಡು, ಇಮೇಜ್ ಸ್ಟೆಬಿಲೈಸೇಶನ್ (ಕೈ ನಡುಕ ಸರಿಪಡಿಸುವ ವ್ಯವಸ್ಥೆ). ಮೂರು, ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್. ಮೂರನೆಯದನ್ನು ಮರೆತು ನಾನು ಒಂದು ರಾತ್ರಿ ಹಾಳು ಮಾಡಿಕೊಂಡೆ. ಅದು ಆನ್ ಇದ್ದರೆ 30 ಸೆಕೆಂಡಿನ ಫೋಟೊ ಆದಮೇಲೆ ಕ್ಯಾಮೆರಾ ಇನ್ನೊಂದು 30 ಸೆಕೆಂಡು ಕಣ್ಣು ಮುಚ್ಚಿ ಕಪ್ಪು ಫ್ರೇಮ್ ತೆಗೆಯುತ್ತದೆ. ಆ ಹೊತ್ತಿನಲ್ಲಿ ನಾವು ಏನೂ ಮಾಡುವ ಹಾಗಿಲ್ಲ. ಸ್ಕ್ರೀನಿನಲ್ಲಿ ‘ಬ್ಯುಸಿ’ ಅಂತ ಕೆಂಪಗೆ ಹೊಳೆಯುತ್ತಿರುವಾಗ, ದೀಪಸ್ತಂಭದ ಬಲಕ್ಕೆ, ಮೇಲಿಂದ ನೀರಿನ ತನಕ ಬೇರಿನ ಹಾಗೆ ಕವಲೊಡೆದ ಮಿಂಚು ಇಳಿಯಿತು. ಇಡೀ ಬೀಚು ಹಗಲಾಯಿತು. ಪಕ್ಕದಲ್ಲಿದ್ದ ಚುರುಮುರಿಯವ “ಸಿಕ್ಕಿತಾ ಅಣ್ಣಾ?” ಅಂದ. ಏನು ಹೇಳುವುದು!

ಫೈಲ್ ‘ರಾ’ದಲ್ಲಿ (ಸೆನ್ಸರ್ ಕಂಡದ್ದನ್ನು ಹಾಗೆಯೇ ಉಳಿಸುವ ಫೈಲ್) ಇರಲಿ. ಮಿಂಚು ನೀಲಿ, ಊರಿನ ದೀಪ ಹಳದಿ. ಬಣ್ಣದ ಜಗಳವನ್ನು ಮನೆಗೆ ಬಂದು ಬಗೆಹರಿಸಬಹುದು.

ಸೆಟ್ಟಿಂಗ್: ಇಲ್ಲಿಯೇ ಹೆಚ್ಚಿನವರು ಎಡವುವುದು

ಶಟರ್ ಎಷ್ಟು ಹೊತ್ತು ತೆರೆದಿದ್ದರೂ ಮಿಂಚಿನ ಹೊಳಪು ಬದಲಾಗುವುದಿಲ್ಲ. ಮಿಂಚು ಬಂದು ಹೋಗುವುದು ಸೆಕೆಂಡಿನ ಒಂದು ಭಾಗದಲ್ಲಿ. ಒಂದೇ ದಾರಿಯಲ್ಲಿ ಮೂರು ನಾಲ್ಕು ಸಲ ವಿದ್ಯುತ್ ಹರಿಯುತ್ತದೆ, ಅದಕ್ಕೇ ನಮ್ಮ ಕಣ್ಣಿಗೆ ಪಟಪಟ ಅಂತ ಮಿನುಗಿದ ಹಾಗೆ ಕಾಣುವುದು. ಶಟರ್ ಐದು ಸೆಕೆಂಡು ಇರಲಿ, ಐವತ್ತಿರಲಿ, ಸಿಗುವ ಮಿಂಚಿನ ಬೆಳಕು ಅಷ್ಟೇ. ಹೆಚ್ಚಾಗುವುದು ಬೀದಿ ದೀಪದ ಬೆಳಕು, ಹೋಟೆಲಿನ ಬೋರ್ಡಿನ ಬೆಳಕು. ಮಿಂಚನ್ನು ಹೆಚ್ಚು ಕಮ್ಮಿ ಮಾಡಬೇಕಾದರೆ ಅಪರ್ಚರ್ (ಲೆನ್ಸಿನ ಕಿಂಡಿ, ಎಫ್ ಅಂಕಿ ಸಣ್ಣದಾದಷ್ಟು ಕಿಂಡಿ ದೊಡ್ಡದು) ಮತ್ತು ಐಎಸ್‌ಒ ಮುಟ್ಟಬೇಕು. ಸುತ್ತಲಿನ ದೀಪವನ್ನು ಹೆಚ್ಚು ಕಮ್ಮಿ ಮಾಡಬೇಕಾದರೆ ಶಟರ್. ಮದುವೆ ಮನೆಯಲ್ಲಿ ಫ್ಲಾಶ್ ಹಾಕಿ ಫೋಟೊ ತೆಗೆಯುವವರಿಗೆ ಇದು ಹೊಸದೇನಲ್ಲ.

ಇನ್ನು ಮಿಂಚಿನ ಫೋಟೊದಲ್ಲಿ ಎರಡು ಜಾತಿ. ಮಿಂಚಿನ ಗೆರೆಯೇ ಬೇಕು ಅನ್ನುವುದು ಒಂದು. ಅದಕ್ಕೆ ಐಎಸ್‌ಒ 100, ಎಫ್ 8, 15ರಿಂದ 30 ಸೆಕೆಂಡು, ಒಂದರ ಹಿಂದೆ ಒಂದು ಬಿಡದೆ ತೆಗೆಯುತ್ತ ಹೋಗುವುದು. ಫಿಲಡೆಲ್ಫಿಯಾದಲ್ಲಿ ವಿಲಿಯಂ ಜೆನ್ನಿಂಗ್ಸ್ 1882ರಲ್ಲಿ ಗಾಜಿನ ಪ್ಲೇಟಿನ ಮೇಲೆ ಮಿಂಚು ಹಿಡಿದದ್ದೂ ಹೀಗೆಯೇ, ಲೆನ್ಸ್ ಬಾಯಿ ತೆರೆದಿಟ್ಟು ಕಾದು.

ಸುಂಟರಗಾಳಿಗೆ ಬೇಕಾದದ್ದು ಎರಡನೆಯ ಜಾತಿ. ಗೆರೆ ಬೇಡ, ಮೋಡದೊಳಗಿನ ಹರಡಿದ ಬೆಳಕು ಬೇಕು. ಆ ಬೆಳಕು ಗೆರೆಗಿಂತ ತುಂಬ ಮಂಕು. ಆದ್ದರಿಂದ ಎಫ್ 4, ಐಎಸ್‌ಒ 800, ಶಟರ್ 2ರಿಂದ 4 ಸೆಕೆಂಡು. ಮೊದಲಿನದಕ್ಕೆ ಹೋಲಿಸಿದರೆ ಮಿಂಚಿಗೆ ಕ್ಯಾಮೆರಾ 32 ಪಟ್ಟು ಜಾಸ್ತಿ ಕಣ್ಣು ಬಿಟ್ಟ ಹಾಗೆ. ಈ ಸೆಟ್ಟಿಂಗಿನಲ್ಲಿ ನಡುವೆ ಒಂದು ನೇರ ಗೆರೆ ಬಂದರೆ ಬಿಳಿ ಸುಣ್ಣ ಚೆಲ್ಲಿದ ಹಾಗೆ ಸುಟ್ಟು ಹೋಗುತ್ತದೆ. ಆ ಫ್ರೇಮ್ ಬಿಟ್ಟುಬಿಡಿ. ಎರಡೂ ಒಂದೇ ಫೋಟೊದಲ್ಲಿ ಬೇಕು ಅನ್ನುವ ಆಸೆಯೇ ಎಲ್ಲ ಹಾಳು ಮಾಡುವುದು.

ಶಟರ್ ಯಾಕೆ ಇಷ್ಟು ಚಿಕ್ಕದು? ಗಂಟೆಗೆ 50 ಕಿಲೋಮೀಟರ್ ಹೋಗುವ ಸುಂಟರಗಾಳಿ 20 ಸೆಕೆಂಡಿನಲ್ಲಿ ಸುಮಾರು 280 ಮೀಟರ್ ದಾಟಿರುತ್ತದೆ. ಆ ನಡುವೆ ಐದು ಸಲ ಮಿಂಚಿದರೆ ಐದು ಜಾಗದಲ್ಲಿ ಐದು ಸೊಂಡಿಲು ಒಂದರ ಮೇಲೊಂದು ಬಿದ್ದು ಕೊನೆಗೆ ಯಾವುದೂ ಕಾಣುವುದಿಲ್ಲ. ಒಂದು ಫ್ರೇಮಿಗೆ ಒಂದೇ ಮಿಂಚು, ಅದು ಗುರಿ.

ಕಾಪುವಿನಲ್ಲಿ ಎರಡು ಪಾಠ

ಮೊದಲ ಪಾಠ ದೀಪಸ್ತಂಭದ್ದು. ಸ್ತಂಭದಿಂದ ಸುಮಾರು 135 ಮೀಟರ್ ದೂರದಲ್ಲಿ, ಅದು ನಿಮಗೂ ಸಮುದ್ರದ ಮೋಡಕ್ಕೂ ನಡುವೆ ಬರುವ ಹಾಗೆ ನಿಲ್ಲಿ. ಲೆಕ್ಕ ಸುಮ್ನೆ ಹೇಳಿದ್ದಲ್ಲ. 27 ಮೀಟರಿನ ಕಂಬ 135 ಮೀಟರ್ ದೂರದಿಂದ ಎಷ್ಟು ಎತ್ತರ ಕಾಣುತ್ತದೋ, ಒಂದು ಕಿಲೋಮೀಟರ್ ಎತ್ತರದ ಮೋಡದಿಂದ ಇಳಿದ ಸುಂಟರಗಾಳಿ ಐದು ಕಿಲೋಮೀಟರ್ ದೂರದಿಂದ ಅಷ್ಟೇ ಎತ್ತರ ಕಾಣುತ್ತದೆ. ಬಂಡೆಯ ಎತ್ತರ ಸೇರಿ ಸ್ವಲ್ಪ ಹೆಚ್ಚು ಕಮ್ಮಿ ಆದೀತು. ಫ್ರೇಮಿನಲ್ಲಿ ಅದಕ್ಕೆ ಎಷ್ಟು ಜಾಗ ಬೇಕು, ಮೇಲೆ ಎಷ್ಟು ಮೋಡ ಬಿಡಬೇಕು ಅನ್ನುವುದು ಇಲ್ಲಿ ಕೈಗೆ ಬರುತ್ತದೆ.

ಮಿಂಚು ಕಂಬದ ಹಿಂದೆ ಬಂದರೆ ಕಂಬ ಕಪ್ಪು. ಬದಿಗೆ ಬಂದರೆ ಅರ್ಧ ಬೆಳಗುತ್ತದೆ, ಉರುಟುತನ ಕಾಣುತ್ತದೆ. ನಿಮ್ಮ ಬೆನ್ನ ಹಿಂದೆ ಬಂದರೆ ಕಂಬ ಚಪ್ಪಟೆಯಾಗಿ ಗೋಡೆಯ ಹಾಗೆ ತೋರುತ್ತದೆ. (ಬೆನ್ನ ಹಿಂದೆ ಮಿಂಚಿದರೆ ಫೋಟೊ ನೋಡುತ್ತ ನಿಲ್ಲಬೇಡಿ, ಘಟ್ಟದ ಕಡೆಯಿಂದ ಇನ್ನೊಂದು ಮೋಡ ಬರುತ್ತಿದೆ, ಕಾರಿಗೆ ನಡೆಯಿರಿ.) ಮೂರರಲ್ಲಿ ನನಗೆ ಬದಿಯ ಬೆಳಕೇ ಚಂದ. ಸ್ತಂಭದ ಸ್ವಂತ ದೀಪ ಕಿರಿಕಿರಿ ಮಾಡುತ್ತದೆ. 30 ಸೆಕೆಂಡಿನ ಫೋಟೊದಲ್ಲಿ ಅದು ತಲೆಯ ಮೇಲೆ ಹಲಸಿನ ಹಣ್ಣಿನಷ್ಟು ದೊಡ್ಡ ಬಿಳಿ ಉಂಡೆ. ಮೂರು ಸೆಕೆಂಡಿನದ್ದರಲ್ಲಿ ದೀಪ ಮಿನುಗದ ಫ್ರೇಮ್ ಹೆಕ್ಕಿಕೊಳ್ಳಬಹುದು.

ಎರಡನೆಯ ಪಾಠ ತೆಂಗಿನ ಮರದ್ದು. ಕಂಬ ಅಲುಗುವುದಿಲ್ಲ, ಆದ್ದರಿಂದ ಚಲನೆಯ ಪಾಠ ಅದರಿಂದ ಸಿಗುವುದಿಲ್ಲ. ಗಾಳಿಗೆ ತೂಗುವ ತೆಂಗಿನ ಮರವನ್ನು ದೂರದಿಂದ ಫ್ರೇಮಿಗೆ ತನ್ನಿ. ಒಮ್ಮೆ 20 ಸೆಕೆಂಡು ತೆಗೆಯಿರಿ, ಒಮ್ಮೆ 2 ಸೆಕೆಂಡು. ಮೊದಲನೆಯದರಲ್ಲಿ ಒಂದೇ ಮರಕ್ಕೆ ಮೂರು ಸೆಟ್ ಗರಿಗಳು ಇರುತ್ತವೆ: ಒಂದು ಗಾಢ, ಎರಡು ಹೊಗೆಯ ಹಾಗೆ. ಎರಡನೆಯದರಲ್ಲಿ ಗರಿಯ ಒಂದೊಂದು ಸೀಳೂ ಎಣಿಸುವ ಹಾಗಿರುತ್ತದೆ. ಅಕ್ಕನ ಮಗನಿಗೆ ನಾನು ಅರ್ಧ ಗಂಟೆ ಹೇಳಿದ್ದು ಅರ್ಥವಾಗಿರಲಿಲ್ಲ. ಈ ಎರಡು ಫೋಟೊ ಅಕ್ಕಪಕ್ಕ ಇಟ್ಟಾಗ, “ಓ, ಹಾಗಾ!” ಅಂದ.

ಎರಡು ಸೆಕೆಂಡಿನ ಫೋಟೊಗಳಲ್ಲಿ ಹತ್ತಕ್ಕೆ ಎಂಟು ಬರೀ ಕಪ್ಪು. ಬೇಜಾರು ಮಾಡಬೇಡಿ. ಟೈಮರ್ ಹಾಕಿ ಗಂಟೆಗಟ್ಟಲೆ ಓಡಿಸಿ, ಬ್ಯಾಟರಿ ಎರಡು ತನ್ನಿ.

ನಿಜವಾದ ಸುಂಟರಗಾಳಿ ಎದುರಾದರೆ

ನಮ್ಮವರು ಅಮೆರಿಕದಲ್ಲಿ ಎಷ್ಟು ಮಂದಿ ಇದ್ದಾರೆ! ಟೆಕ್ಸಾಸ್, ಒಕ್ಲಹೋಮದಲ್ಲಿ ಕೂತು ಇದನ್ನು ಓದುವವರಿಗೆ ಒಂದೆರಡು ಮಾತು.

ರಾತ್ರಿ ಬೆನ್ನಟ್ಟಿ ಹೋಗಬೇಡಿ. ಮಿಂಚಿದಾಗ ಕಂಡದ್ದು ಮತ್ತೆ ಮಿಂಚುವ ತನಕ ಎಲ್ಲಿಗೆ ಹೋಯಿತು ಅಂತ ಗೊತ್ತಾಗುವುದಿಲ್ಲ. 2013ರ ಮೇ 31ರಂದು ಒಕ್ಲಹೋಮದ ಎಲ್ ರೆನೊದಲ್ಲಿ ಸುಂಟರಗಾಳಿ 4 ಕಿಲೋಮೀಟರಿಗೂ ಹೆಚ್ಚು ಅಗಲ ಬೆಳೆಯಿತು. ಟಿಮ್ ಸಮಾರಸ್, ಅವರ ಮಗ ಪಾಲ್, ಜೊತೆಗಾರ ಕಾರ್ಲ್ ಯಂಗ್ ಮೂವರೂ ಅದರಲ್ಲಿ ಸತ್ತರು. ಅವರು ಹುಡುಗಾಟದವರಲ್ಲ, ಅಳತೆ ಮಾಡಲು ಹೋದ ಪಳಗಿದವರು. ಅದೂ ಕತ್ತಲೆ ಬೀಳುವ ಮುಂಚೆ. ಸುಂಟರಗಾಳಿ ತಾನಾಗಿ ದೂರದಲ್ಲಿ, ಬದಿಯಲ್ಲಿ ಹೋಗುತ್ತಿದ್ದರೆ ಮಾತ್ರ, ಅಡಗಲು ಗಟ್ಟಿ ಜಾಗ ಪಕ್ಕದಲ್ಲೇ ಇದ್ದರೆ ಮಾತ್ರ ಕ್ಯಾಮೆರಾ ತೆಗೆಯಿರಿ. ಅಲ್ಲಿ ಸುಂಟರಗಾಳಿ ಹೆಚ್ಚಾಗಿ ನೈಋತ್ಯದಿಂದ ಈಶಾನ್ಯಕ್ಕೆ ಸಾಗುತ್ತದೆ. ಹೆಚ್ಚಾಗಿ ಅಂದೆ, ಯಾವಾಗಲೂ ಅಲ್ಲ. ಫ್ರೇಮಿನಲ್ಲಿ ಎಡಕ್ಕೂ ಹೋಗದೆ ಬಲಕ್ಕೂ ಹೋಗದೆ ಬರೀ ದೊಡ್ಡದಾಗುತ್ತಿದ್ದರೆ ಅದು ನಿಮ್ಮ ಕಡೆಗೇ ಬರುತ್ತಿದೆ. ಟ್ರೈಪಾಡ್ ಅಲ್ಲೇ ಬಿಟ್ಟು ಹೋಗಿ.

ನೆಲದ ಹತ್ತಿರ ಹಸಿರು ನೀಲಿ ಬೆಳಕು ಫಕ್ಕನೆ ಹೊಳೆದರೆ ಅದು ಮಿಂಚಲ್ಲ, ಕರೆಂಟ್ ತಂತಿ ತುಂಡಾಗುತ್ತಿರುವುದು ಇರಬಹುದು. ಆ ಜಾಗದಲ್ಲಿ ಗಾಳಿ ನೆಲ ಮುಟ್ಟಿದೆ ಅನ್ನುವುದಕ್ಕೆ ಅದೊಂದು ಗುರುತು.

ನಮ್ಮಲ್ಲಿಯೂ ಸಮುದ್ರದ ಮೇಲೆ ಮೋಡದಿಂದ ಕಪ್ಪು ಕಂಬ ಇಳಿದ ಹಾಗೆ ಫೋಟೊದಲ್ಲಿ ಕಾಣುವುದುಂಟು. ಬಿಸಿ ಕಡಲಿನ ಮೇಲೆ ನೀರಿನ ಸುಳಿಗಾಳಿ ಏಳುವುದು ಹೌದು, ಅದು ಹೆಚ್ಚಾಗಿ ಹತ್ತಿಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. ಆದರೆ ನೂರಕ್ಕೆ ತೊಂಬತ್ತು ಸಲ ನೀವು ಕಂಡದ್ದು ದೂರದ ಮಳೆಯ ಪರದೆ. ಗ್ರೂಪಿಗೆ ಹಾಕುವ ಮುಂಚೆ ಹಿಂದಿನ ಮುಂದಿನ ಫ್ರೇಮ್‌ಗಳನ್ನು ಒಂದರ ಹಿಂದೊಂದು ಓಡಿಸಿ ನೋಡಿ. ಮಳೆಯ ಪರದೆಯ ಅಂಚು ಮಸುಕು, ಕೆಳಗೆ ಹೋದಷ್ಟು ಅಗಲ, ಅದು ತಿರುಗುವುದಿಲ್ಲ. ಸುಳಿಗಾಳಿಯ ಅಂಚು ಚೂಪು, ಮಿಂಚಿನಿಂದ ಮಿಂಚಿಗೆ ಬಾಗು ಬದಲಾಗುತ್ತದೆ, ನೀರಿನ ಮೇಲೆ ತುಂತುರಿನ ಉಂಗುರ ಎದ್ದಿರುತ್ತದೆ. ನಾಲ್ಕು ಫ್ರೇಮ್ ಸೇರಿಸಿ ಒಂದು ಮಾಡಿದ್ದರೆ ಅದನ್ನು ಕೆಳಗೆ ಬರೆಯಿರಿ. ಮಿಂಚಿನ ಗೆರೆಗಳನ್ನು ಹಾಗೆ ಸೇರಿಸಿದರೆ ಚಂದ ಇರುತ್ತದೆ, ಸುಂಟರಗಾಳಿಯನ್ನು ಸೇರಿಸಿದರೆ ಇಲ್ಲದ್ದನ್ನು ತೋರಿಸಿದ ಹಾಗೆ.

ಮನೆಗೆ ಬಂದಮೇಲೆ

ರಾತ್ರಿ ಹನ್ನೊಂದಾಗಿರುತ್ತದೆ, ನಿದ್ದೆ ಬಂದಿರುತ್ತದೆ. ಆದರೂ ಟ್ರೈಪಾಡಿನ ಕಾಲು ಬಿಚ್ಚಿ ಬಾವಿ ನೀರಿನಲ್ಲಿ ತೊಳೆಯಿರಿ. ಉಪ್ಪು, ಮರಳು ಒಳಗೆ ಕೂತರೆ ಎರಡು ತಿಂಗಳಲ್ಲಿ ಸ್ಕ್ರೂ ತಿರುಗುವುದಿಲ್ಲ. ಲೆನ್ಸಿನ ಗಾಜನ್ನು ಒಣ ಬಟ್ಟೆಯಿಂದ ಉಜ್ಜಬೇಡಿ, ಉಪ್ಪಿನ ಹರಳು ಗೀರುತ್ತದೆ. ಮೊದಲು ಒದ್ದೆ ಬಟ್ಟೆ, ಆಮೇಲೆ ಒಣದು. ಆ ರಾತ್ರಿ ಕ್ಯಾಮೆರಾವನ್ನು ಚೀಲದಲ್ಲಿ ಮುಚ್ಚಿಡದೆ ಫ್ಯಾನಿನಡಿ ಇಡಿ, ಬೆಳಿಗ್ಗೆ ಸಿಲಿಕಾ ಜೆಲ್ ಹಾಕಿದ ಡಬ್ಬಿಗೆ. ನಮ್ಮ ಊರಿನಲ್ಲಿ ಲೆನ್ಸಿಗೆ ಫಂಗಸ್ ಹಿಡಿಯಲು ಒಂದು ಮಳೆಗಾಲ ಸಾಕು, ಅಕ್ಟೋಬರಿನ ಮಿಂಚಿಗೆ ತೆಗೆದು ನೋಡುವಾಗ ಒಳಗೆ ಜೇಡನ ಬಲೆಯ ಹಾಗೆ ಹಬ್ಬಿರುತ್ತದೆ.